ಕಲಬುರಗಿಯ ಸಸಿಗೆ ಹೀಟರ್ ಬೇಕಾ, ಕೌದಿ ಸಾಕಾ?

ಆನ್‌ಲೈನ್ ಅಂಗಡಿಯಲ್ಲಿ ‘ಸೀಡ್ಲಿಂಗ್ ಹೀಟ್ ಮ್ಯಾಟ್’ ಅಂತ ಟೈಪ್ ಮಾಡಿ ನೋಡಿ. ಕಪ್ಪು ರಬ್ಬರ್ ಚಾಪೆ, ಅದರ ಮೇಲೊಂದು ಟ್ರೇ, ಟ್ರೇಗೊಂದು ಪಾರದರ್ಶಕ ಮುಚ್ಚಳ. ಇದನ್ನೇ ಇಂಗ್ಲೆಂಡ್ ಕಡೆಯವರು ಹೀಟೆಡ್ ಪ್ರಾಪಗೇಟರ್ ಅಂತಾರೆ. ಫೆಬ್ರವರಿಯಲ್ಲೂ ಮಂಜು ಬೀಳೋ ಊರಿನಲ್ಲಿ, ಕಿಟಕಿ ಪಕ್ಕ ಟೊಮ್ಯಾಟೊ ಬೀಜ ಮೊಳಕೆ ತರಿಸೋಕೆ ಮಾಡಿದ ಸಾಮಾನು. ಈಗ ಅದು ನಮ್ಮ ಯೂಟ್ಯೂಬ್ ಕೃಷಿ ಚಾನೆಲ್‌ಗಳ ಮೂಲಕ ಹಳ್ಳಿ ಹುಡುಗರ ಮೊಬೈಲ್‌ಗೂ ಬಂದಿದೆ. ನರ್ಸರಿ ಮಾಡಿ ದುಡ್ಡು ಮಾಡಿ ಅನ್ನೋ ವಿಡಿಯೋಗಳಲ್ಲಿ ಇದೂ ಒಂದು ‘ಮಸ್ಟ್’.

ಮೇ ತಿಂಗಳಲ್ಲಿ 42 ಡಿಗ್ರಿ ದಾಟೋ ಕಲಬುರಗಿಯಲ್ಲಿ ಬೀಜಕ್ಕೆ ಹೀಟರ್ ಯಾಕೆ ಅಂತ ನಗು ಬರೋದು ಸಹಜ. ಆದರೆ ಆ ನಗು ಅರ್ಧ ಮಾತ್ರ ಸರಿ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಚಳಿಗಾಲದಲ್ಲಿ ಸಸಿ ಎಬ್ಬಿಸೋರಿಗೆ ಬಿಸಿ ನಿಜಕ್ಕೂ ಬೇಕು. ಆ ಬಿಸಿ ಎಲ್ಲಿಂದ ಬರಬೇಕು, ಅದರ ಬಿಲ್ ಯಾರು ಕಟ್ಟಬೇಕು ಅನ್ನೋದೇ ವಿಷಯ.

ಮೊದಲು ಆ ಚಾಪೆಯ ಕತೆ ಮುಗಿಸೋಣ. ಇವುಗಳಲ್ಲಿ ಅಗ್ಗದವಕ್ಕೆ ಥರ್ಮೋಸ್ಟಾಟ್ ಇರಲ್ಲ. ಅಂದರೆ ‘ಇಷ್ಟು ಡಿಗ್ರಿ ಬಂದರೆ ಆಫ್ ಆಗು’ ಅನ್ನೋ ಬುದ್ಧಿ ಇಲ್ಲ. ಸುತ್ತಲಿನ ಗಾಳಿಗಿಂತ 8-10 ಡಿಗ್ರಿ ಹೆಚ್ಚು ಬಿಸಿ ಮಾಡೋದಷ್ಟೇ ಅದಕ್ಕೆ ಗೊತ್ತು. ಲಂಡನ್ನಿನ 15 ಡಿಗ್ರಿ ಕೋಣೆಯಲ್ಲಿ ಅದು 25 ಆಗುತ್ತೆ, ಬೀಜಕ್ಕೆ ಹಬ್ಬ. ಜೇವರ್ಗಿಯ ಮಾರ್ಚ್ ಮಧ್ಯಾಹ್ನ 38 ಇರುವಾಗ ಅದು 46 ಆಗುತ್ತೆ. ಬೀಜ ಬೇಯುತ್ತೆ. ನಮ್ಮಲ್ಲಿ ಒಂದೇ ದಿನದೊಳಗೆ 15 ಡಿಗ್ರಿ ಏರಿಳಿತ ಮಾಮೂಲು. ಹಾಗಾಗಿ ಥರ್ಮೋಸ್ಟಾಟ್ ಇಲ್ಲದ ಯಾವ ಹೀಟರನ್ನೂ ಇಲ್ಲಿ ಕೊಳ್ಳೋ ಪ್ರಶ್ನೆಯೇ ಇಲ್ಲ.

ಒಂದೇ ಜಿಲ್ಲೆ, ಎರಡು ಉಲ್ಟಾ ಬೇಡಿಕೆ

ಕಲಬುರಗಿ ಅಂದರೆ ತೊಗರಿ. 2019ರಲ್ಲಿ ಇಲ್ಲಿಯ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ ಕೂಡ ಸಿಕ್ಕಿದೆ. ಬಹುಪಾಲು ರೈತರು ಅದನ್ನು ನೇರ ಬಿತ್ತುತ್ತಾರೆ. ಆದರೆ ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಬೀದರ್-ಕಲಬುರಗಿ ಭಾಗದಲ್ಲಿ ‘ತೊಗರಿ ನಾಟಿ’ ಪದ್ಧತಿಯನ್ನೂ ಹೇಳಿಕೊಟ್ಟಿದ್ದಾರೆ. ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು-ಗೊಬ್ಬರ ತುಂಬಿ ಬೀಜ ಊರಬೇಕು. ನಾಲ್ಕೈದು ವಾರ ಸಾಕಿ, ಮಳೆ ಹಿಡಿದ ಮೇಲೆ ಹೊಲಕ್ಕೆ ಹಚ್ಚಬೇಕು. ಮಳೆ ತಡವಾದರೂ ಬೆಳೆಗೆ ಒಂದು ತಿಂಗಳ ವಯಸ್ಸು ಆಗಿರುತ್ತೆ ಅನ್ನೋದು ಇದರ ಲಾಭ. ಈ ಸಸಿಗೆ ಬೇಕಾದ್ದು ಬಿಸಿಯಲ್ಲ, ನೆರಳು ಮತ್ತು ನೀರು. ಇಲ್ಲಿ ಹೀಟರ್ ಮಾತೆತ್ತಿದರೆ ರೈತರು ಬೈದು ಕಳಿಸ್ತಾರೆ, ಸರಿಯಾಗೇ ಮಾಡ್ತಾರೆ.

ಇನ್ನೊಂದು ಕಡೆ ಕಬ್ಬು. ಈ ಮೂರು ತಾಲೂಕುಗಳಿಗೆ ಅಂಟಿಕೊಂಡೇ ಸಕ್ಕರೆ ಕಾರ್ಖಾನೆಗಳಿವೆ: ಆಳಂದದ ಭೂಸನೂರಿನಲ್ಲಿ ಎನ್‌ಎಸ್‌ಎಲ್, ಅಫಜಲಪುರದ ಹವಳಗಾದಲ್ಲಿ ರೇಣುಕಾ, ಜೇವರ್ಗಿ ಕಡೆಯ ಮಳ್ಳಿಯಲ್ಲಿ ಉಗಾರ. ಭೀಮೆಯ ನೀರು, ಸೊನ್ನ ಬ್ಯಾರೇಜು, ಆಳಂದದ ಅಮರ್ಜಾ ಅಣೆಕಟ್ಟು, ಜೇವರ್ಗಿಗೆ ಬರೋ ಕೃಷ್ಣಾ ಕಾಲುವೆ, ಇವುಗಳ ಆಸರೆಯಲ್ಲಿ ಕರಿ ಎರೆಭೂಮಿಯಲ್ಲಿ ಕಬ್ಬು ಹಬ್ಬಿದೆ. ಬರಕ್ಕೆ ಹೆಸರಾದ ಜಿಲ್ಲೆಯಲ್ಲಿ ಇಷ್ಟು ನೀರು ಕುಡಿಯೋ ಬೆಳೆ ಯಾಕೆ ಅನ್ನೋ ಪ್ರಶ್ನೆ ಇದ್ದೇ ಇದೆ, ನನಗೂ ಇದೆ. ಅದು ಬೇರೆಯದೇ ಲೇಖನ. ಇವತ್ತು ಬೆಳೆಯುತ್ತಿರೋರಿಗೆ ಕಡಿಮೆ ಬೀಜ, ಕಡಿಮೆ ನೀರಿನಲ್ಲಿ ಬೆಳೆಯೋ ದಾರಿ ಇದ್ದರೆ ಅದನ್ನು ಮಾತಾಡದೇ ಇರೋಕೆ ಆ ಪ್ರಶ್ನೆ ನೆಪವಾಗಬಾರದು.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಬ್ಬು ನಾಟಿಯ ಒಂದು ದೊಡ್ಡ ಹಂಗಾಮು. ಆಗ ಇಲ್ಲಿ ಹಗಲು 29-30 ಡಿಗ್ರಿ ಇದ್ದರೂ ರಾತ್ರಿ 14-15ಕ್ಕೆ ಇಳಿಯುತ್ತೆ, ಕೆಲವು ದಿನ ಇನ್ನೂ ಕೆಳಗೆ. ಕಬ್ಬಿನ ಕಣ್ಣು 28ರಿಂದ 32 ಡಿಗ್ರಿ ಸಿಕ್ಕರೆ ಬಿರುಸಾಗಿ ಒಡೆಯುತ್ತೆ, 20ರ ಕೆಳಗೆ ಮಂಕಾಗಿ ಕೂರುತ್ತೆ. ಹಸಿ ಮಣ್ಣಲ್ಲಿ ಹೆಚ್ಚು ದಿನ ಮಂಕಾಗಿ ಕೂತ ಕಣ್ಣಿಗೆ ಶಿಲೀಂಧ್ರ ಹತ್ತುತ್ತೆ, ಕೊಳೆಯುತ್ತೆ. ಹೊಲದಲ್ಲಿ ಅಲ್ಲಲ್ಲಿ ಬೋಳು ಬೀಳೋದು, ಮತ್ತೆ ಕೂಲಿ ಕೊಟ್ಟು ತೇಪೆ ಹಚ್ಚೋದು ಹೀಗೆ.

48 ಸಾವಿರ ಕಣ್ಣು, 5 ಸಾವಿರ ಸಸಿ

ಕಬ್ಬು ಹಚ್ಚೋ ಹಳೇ ರೀತಿಯಲ್ಲಿ ಎಕರೆಗೆ ಮೂರು ಕಣ್ಣಿನ ಸುಮಾರು 16,000 ತುಂಡು ಹಾಕ್ತಾರೆ. ಅಂದರೆ 48,000 ಕಣ್ಣು. ತೂಕದಲ್ಲಿ 3ರಿಂದ 4 ಟನ್ ಕಬ್ಬು. 2009ರಲ್ಲಿ ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಮತ್ತು ಡಬ್ಲ್ಯುಡಬ್ಲ್ಯುಎಫ್ ಸೇರಿ ಹೊರತಂದ ‘ಸುಸ್ಥಿರ ಕಬ್ಬು’ ಪದ್ಧತಿ, ಅಂದರೆ ಎಸ್‌ಎಸ್‌ಐ, ಇದನ್ನು ತಲೆಕೆಳಗು ಮಾಡಿತು. ಕಬ್ಬಿನಿಂದ ಕಣ್ಣಿನ ಚಿಪ್ಪು ಮಾತ್ರ ಕೊರೆದು ತೆಗೀಬೇಕು, ಟ್ರೇಯಲ್ಲಿ ಸಸಿ ಮಾಡಬೇಕು, 25ರಿಂದ 35 ದಿನದ ಸಸಿಯನ್ನು ಸಾಲಿಂದ ಸಾಲಿಗೆ 5 ಅಡಿ, ಸಸಿಯಿಂದ ಸಸಿಗೆ 2 ಅಡಿ ಬಿಟ್ಟು ಹಚ್ಚಬೇಕು. ಎಕರೆಗೆ ಸುಮಾರು 5,000 ಸಸಿ ಸಾಕು. ಅಂತರ ಜಾಸ್ತಿ ಇರೋದರಿಂದ ಒಂದೊಂದು ಸಸಿಯೂ ಮರಿ ಒಡೆದು ಜಾಗ ತುಂಬುತ್ತೆ. ಕಣ್ಣು ತೆಗೆದ ಕಬ್ಬು ಗಾಣಕ್ಕೋ ಕಾರ್ಖಾನೆಗೋ ಹೋಗುತ್ತೆ, ಮಣ್ಣುಪಾಲಾಗಲ್ಲ. ಮೊದಲ ಒಂದು ತಿಂಗಳು ಇಡೀ ಎಕರೆಗೆ ನೀರು ಹಾಯಿಸೋ ಬದಲು ಅಂಗಳದಲ್ಲಿರೋ ಟ್ರೇಗಳಿಗೆ ಕೊಡ ಹಿಡಿದು ನೀರುಣಿಸಿದರೆ ಆಯ್ತು.

ಟನ್‌ಗೆ 3,000 ರೂಪಾಯಿ ಹಿಡಿದರೂ ಮೂರೂವರೆ ಟನ್ ಬೀಜದ ಕಬ್ಬು ಅಂದರೆ ಎಕರೆಗೆ 10,500 ರೂಪಾಯಿ. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಗುರ್ಲಾಪುರ ಕ್ರಾಸ್‌ನಿಂದ ಹಬ್ಬಿದ ಹೋರಾಟದಲ್ಲಿ ರೈತರು ಟನ್‌ಗೆ 3,500 ಕೇಳಿದರು, ಸರ್ಕಾರ 3,300ಕ್ಕೆ ಒಪ್ಪಿಸಿತು. ಅಲ್ಲಿ ಪ್ರತಿ 100 ರೂಪಾಯಿಗೂ ರಸ್ತೆಯಲ್ಲಿ ಕೂರಬೇಕಾಯ್ತು. ಬೀಜದಲ್ಲಿ ಸೋರಿ ಹೋಗೋ ಹತ್ತು ಸಾವಿರದ ಬಗ್ಗೆ ಯಾರೂ ಟೆಂಟ್ ಹಾಕಲ್ಲ. ಬೆಲೆ ಹೋರಾಟ ಸಣ್ಣದು ಅಂತ ಹೇಳುತ್ತಿಲ್ಲ, ಇದೂ ಅದೇ ಲೆಕ್ಕದ ಪುಸ್ತಕದ ಇನ್ನೊಂದು ಪುಟ.

ಆದರೆ 48,000ದಲ್ಲಿ 20,000 ಕಣ್ಣು ಸತ್ತರೂ ಹೊಲ ನಿಲ್ಲುತ್ತೆ. 5,000ದಲ್ಲಿ 2,000 ಸತ್ತರೆ ಕತೆ ಮುಗೀತು. ಮೂರು ಕಣ್ಣಿನ ತುಂಡಿಗೆ ತನ್ನದೇ ಆಹಾರದ ಬುತ್ತಿ ಇರುತ್ತೆ. ಚಿಪ್ಪಿನ ಬುತ್ತಿ ಚಿಕ್ಕದು, ಬೇಗ ಒಣಗುತ್ತೆ, ಬೇಗ ಕೊಳೆಯುತ್ತೆ. ಬೀಜ ಉಳಿಸಿದ್ದೀವಿ ಅಂತ ಹಿಗ್ಗೋ ಮುಂಚೆ ಆ ಮೊದಲ ಒಂದು ವಾರ ಬಿಸಿ ಕಾಯ್ದುಕೊಳ್ಳೋದು ಗೊತ್ತಿರಬೇಕು.

ಎಸ್‌ಎಸ್‌ಐ ಕೈಪಿಡಿಯಲ್ಲಿ ಇದಕ್ಕೆ ಯಾವ ಯಂತ್ರವೂ ಇಲ್ಲ. 50 ಗುಳಿಯ ಟ್ರೇಯಲ್ಲಿ ಅರ್ಧ ತೆಂಗಿನ ನಾರಿನ ಪುಡಿ ತುಂಬಿ, ಔಷಧೋಪಚಾರ ಮಾಡಿದ ಕಣ್ಣಿಟ್ಟು, ಮೇಲೆ ಮತ್ತೆ ಪುಡಿ ಮುಚ್ಚಬೇಕು. ಒಂದರ ಮೇಲೊಂದು 25 ಟ್ರೇ, ಅಂಥ 4 ಸಾಲು. ಎಕರೆಗೆ 100 ಟ್ರೇ ಆಯ್ತು. ತುದಿಗೊಂದು ಖಾಲಿ ಟ್ರೇ ಬೋರಲು ಹಾಕಿ, ಎಲ್ಲವನ್ನೂ ಸೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದ ಹಾಗೆ ಸುತ್ತಿ, ನೆರಳಲ್ಲಿ ಅಥವಾ ಕೋಣೆಯಲ್ಲಿ 5ರಿಂದ 8 ದಿನ ಇಡಬೇಕು. ಮೊಳಕೆಯೊಡೆಯೋ ಕಣ್ಣುಗಳೇ ಉಸಿರಾಡುತ್ತಾ ಒಂದಿಷ್ಟು ಶಾಖ ಬಿಡುತ್ತವೆ, ಆವಿ ಒಳಗೇ ನಿಲ್ಲುತ್ತೆ. ಥಂಡಿ ಜಾಸ್ತಿ ಇದ್ದರೆ ಕೋಣೆಯಲ್ಲಿ ಬಲ್ಬ್ ಹಚ್ಚಿ ಬಿಸಿ ಮಾಡಿ ಅಂತಲೂ ಹೇಳ್ತಾರೆ. ಮೆಣಸಿನಕಾಯಿ, ಟೊಮ್ಯಾಟೊ ನರ್ಸರಿಯವರು ಬಿತ್ತಿದ ಟ್ರೇಗಳನ್ನು ಪೇರಿಸಿ ಪ್ಲಾಸ್ಟಿಕ್ ಹೊದಿಸೋದೂ ಇದೇ ತತ್ವ. ನಮ್ಮ ಊರಿನ ಹೀಟೆಡ್ ಪ್ರಾಪಗೇಟರ್ ಇದೇ.

ಕೌದಿಯ ಎಂಜಿನಿಯರಿಂಗ್

ಎಂಜಿನಿಯರಿಂಗ್ ಓದಿದ್ದು ಅಪರೂಪಕ್ಕೆ ಉಪಯೋಗಕ್ಕೆ ಬರುತ್ತೆ, ಬಳಸಿಕೊಳ್ತೀನಿ. ಆ 100 ಟ್ರೇಗಳ ಸುತ್ತ 1.2 ಮೀಟರ್ ಉದ್ದ, 0.8 ಮೀಟರ್ ಅಗಲ, 1.4 ಮೀಟರ್ ಎತ್ತರದ ಒಂದು ಗೂಡು ಅಂದುಕೊಳ್ಳಿ. ನೆಲ ಬಿಟ್ಟರೆ ಶಾಖ ಸೋರೋ ಮೈ ಸುಮಾರು 6.5 ಚದರ ಮೀಟರ್. ಒಂದೇ ಪದರ ಪ್ಲಾಸ್ಟಿಕ್ ಇದ್ದರೆ ಒಂದು ಚದರ ಮೀಟರಿನಿಂದ, ಒಳಗೂ ಹೊರಗೂ ಇರೋ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 6 ವ್ಯಾಟ್ ಸೋರುತ್ತೆ. ಹೊರಗೆ 14, ಒಳಗೆ 28 ಬೇಕು ಅಂದರೆ 6 × 6.5 × 14, ಅಂದರೆ ಸುಮಾರು 550 ವ್ಯಾಟ್ ಹೀಟರ್ ರಾತ್ರಿಯಿಡೀ ಉರೀಬೇಕು.

ಈಗ ಪ್ಲಾಸ್ಟಿಕ್ ಮೇಲೆ ಎರಡು ದಪ್ಪ ಕೌದಿ ಹೊದಿಸಿ, ಇಲ್ಲ ಗೋಣಿಚೀಲದ ನಡುವೆ ಒಣ ರವದಿ ತುಂಬಿ. ಸೋರಿಕೆ ಮೂರರಲ್ಲೊಂದು ಪಾಲಿಗೆ ಇಳಿಯುತ್ತೆ. ಬೇಕಾದ ವಿದ್ಯುತ್ 180 ವ್ಯಾಟ್. ಅದೇ ಗೂಡನ್ನು ಅಂಗಳದಿಂದ ಎತ್ತಿ, ರಾತ್ರಿ 20 ಡಿಗ್ರಿ ಉಳಿಯೋ ಮನೆಯೊಳಗಿನ ಕೋಣೆಗೆ ಹಾಕಿ. 100 ವ್ಯಾಟ್‌ಗಿಂತ ತುಸು ಹೆಚ್ಚು ಸಾಕು. ಹೀಟರ್ ದೊಡ್ಡದು ಮಾಡೋದಕ್ಕಿಂತ ಹೊದಿಕೆ ದಪ್ಪ ಮಾಡಿ ಕೋಣೆಯೊಳಗೆ ಇಡೋದು ಐದು ಪಟ್ಟು ಲಾಭ. ಅಜ್ಜಿಯರು ಹಳೇ ಸೀರೆ ಸೇರಿಸಿ ಹೊಲಿದ ಕೌದಿಯ ಮುಂದೆ ಆನ್‌ಲೈನ್ ಚಾಪೆ ಸೋಲೋದು ಹೀಗೆ.

ಕರೆಂಟ್ ಹೋದರೆ? ನೆನೆದ 100 ಟ್ರೇ ಅಂದರೆ ಸುಮಾರು 150 ಕಿಲೋ, ಅದರಲ್ಲಿ ಬಹುಪಾಲು ನೀರು. ಬಿಸಿ ಹಿಡಿದಿಡೋದರಲ್ಲಿ ನೀರನ್ನು ಮೀರಿಸಿದ್ದು ಕಡಿಮೆ. ಸಂಜೆ ಒಳಗೆ 28 ಇದ್ದು, ರಾತ್ರಿ ಹತ್ತು ಗಂಟೆ ಕಾಲ ಬಲ್ಬೇ ಇಲ್ಲದಿದ್ದರೆ, ಅಂಗಳದಲ್ಲಿ ಬರೀ ಪ್ಲಾಸ್ಟಿಕ್ ಸುತ್ತಿದ ಗೂಡು ಬೆಳಗ್ಗೆ 16ರ ಆಸುಪಾಸಿಗೆ ಬಂದಿರುತ್ತೆ. ಕೋಣೆಯೊಳಗೆ ಕೌದಿ ಹೊದ್ದದ್ದು 24ರ ಹತ್ತಿರ ಇರುತ್ತೆ. ಇದು ಕಾಗದದ ಮೇಲಿನ ಅಂದಾಜು, ಕೋಣೆಯಿಂದ ಕೋಣೆಗೆ ಒಂದೆರಡು ಡಿಗ್ರಿ ಆಚೀಚೆ ಆಗುತ್ತೆ. ಆದರೆ 16ಕ್ಕೂ 24ಕ್ಕೂ ಇರೋ ದೂರ ಕಣ್ಣಿಗೆ ಮಂಕು ಮತ್ತು ಚುರುಕಿನ ದೂರ. ಟ್ರೇ ತುಂಬುವಾಗಲೇ ನಾರಿನ ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದರೆ ಮೊದಲ ರಾತ್ರಿ ಗೆದ್ದ ಹಾಗೆ. ಒಂದು ಎಚ್ಚರ: ಕೌದಿ ಒದ್ದೆಯಾದರೆ ಹೊದಿಕೆಯ ಕೆಲಸ ಮಾಡಲ್ಲ. ಮೊದಲು ಪ್ಲಾಸ್ಟಿಕ್, ಮೇಲೆ ಕೌದಿ.

ಹಗಲು ಅಪಾಯ ಉಲ್ಟಾ. ಪ್ಲಾಸ್ಟಿಕ್ ಸುತ್ತಿದ ಗೂಡಿಗೆ ಡಿಸೆಂಬರ್ ಬಿಸಿಲು ನೇರ ಬಿದ್ದರೂ ಒಳಗೆ ಕಣ್ಣು ಬೇಯೋ ಮಟ್ಟಕ್ಕೆ ಏರುತ್ತೆ. ಬಿಸಿಲಿಗಿಟ್ಟರೆ ಪುಕ್ಕಟೆ ಹೀಟರ್ ಅಲ್ವಾ ಅನ್ನೋ ಯೋಚನೆ ಸಸಿ ಕೊಲ್ಲೋ ಯೋಚನೆ.

ಗೃಹಜ್ಯೋತಿಯ 10 ಯೂನಿಟ್

ಇದೆಲ್ಲ ಮನೆಯೊಳಗೇ ಯಾಕೆ, ಹೊಲದ ಶೆಡ್‌ನಲ್ಲಿ ಯಾಕಲ್ಲ? ಉತ್ತರ ವಿದ್ಯುತ್ ತಂತಿಯಲ್ಲಿದೆ. ಪಂಪ್‌ಸೆಟ್ಟಿಗೆ ಸರ್ಕಾರ ಹೇಳೋದು ದಿನಕ್ಕೆ 7 ಗಂಟೆ ತ್ರೀಫೇಸ್. 2023ರ ಬರದಲ್ಲಿ ಅದೂ 5 ಗಂಟೆಗೆ ಇಳಿದು ರೈತರು ಬೀದಿಗೆ ಬಂದಿದ್ದು ನೆನಪಿರಬಹುದು. ನಿರಂತರ ಜ್ಯೋತಿ ಬಂದ ಮೇಲೆ ಊರಿನ ಫೀಡರ್ ಬೇರೆ, ಹೊಲದ ಫೀಡರ್ ಬೇರೆ. ರಾತ್ರಿ ನಂಬಬಹುದಾದ ಕರೆಂಟು ಇರೋದು ಊರೊಳಗಿನ ಮನೆಯಲ್ಲಿ. ಹಾಗಾಗಿ ಕಣ್ಣು ಮೊಳೆಯೋ ಆ ಒಂದು ವಾರ ಮನೆಯ ವಾರ. ಮನೆಯ ವಾರ ಅಂದ ಮೇಲೆ ಹೆಂಗಸರ ಕೆಲಸದ ವಾರ.

ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಚಾಲನೆ ಕೊಟ್ಟಿದ್ದು ಕಲಬುರಗಿಯಲ್ಲೇ. 200 ಯೂನಿಟ್ ಫ್ರೀ ಅಂತ ಎಲ್ಲರ ಬಾಯಲ್ಲಿದೆ, ಆದರೆ ಎಲ್ಲರಿಗೂ 200 ಸಿಗಲ್ಲ. 2022-23ರಲ್ಲಿ ನಿಮ್ಮ ಮನೆ ಬಳಸಿದ ಸರಾಸರಿ, ಅದರ ಮೇಲೆ ಶೇ. 10 ಅಷ್ಟೇ ಉಚಿತ. ತೀರಾ ಕಡಿಮೆ ಬಳಸೋ, ಅಂದರೆ ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರೋ ಮನೆಗಳಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಡೋದಾಗಿ 2024ರ ಜನವರಿಯಲ್ಲಿ ಸಂಪುಟ ತೀರ್ಮಾನಿಸಿತು. ಎರಡು ಫ್ಯಾನು, ಮೂರು ಬಲ್ಬಿನ ಮನೆ 40 ಯೂನಿಟ್ ಬಳಸುತ್ತಿದ್ದರೆ ಅದಕ್ಕೆ ಮಿತಿ 50.

ಈಗ ಸಸಿ ಗೂಡು ಸೇರಿಸಿ. ಕೌದಿ ಹೊದ್ದ ಗೂಡಿಗೆ ರಾತ್ರಿ 12 ಗಂಟೆ, 7 ದಿನ: ಸುಮಾರು 9 ಯೂನಿಟ್. ಆ 10ರೊಳಗೆ ಕೂರುತ್ತೆ. ಅಂಗಳದಲ್ಲಿ ಬರೀ ಪ್ಲಾಸ್ಟಿಕ್ ಗೂಡಿಗೆ: 46 ಯೂನಿಟ್. ಮಿತಿ ದಾಟಿದ 36 ಯೂನಿಟ್‌ಗೆ ಜೆಸ್ಕಾಂ ಬಿಲ್ ಬರುತ್ತೆ. ಮೊದಲಿಂದ ಎಸಿ, ಗೀಸರ್ ಓಡಿಸಿದ ನಗರದ ಮನೆಗೆ ಉಚಿತದ ಕೋಟಾ ದೊಡ್ಡದು, ಮೊದಲಿಂದ ಕತ್ತಲಲ್ಲಿ ಉಳಿತಾಯ ಮಾಡಿದ ಮನೆಗೆ ಚಿಕ್ಕದು. ಹೊಸ ಉದ್ಯೋಗವೊಂದನ್ನು ಮನೆಯಲ್ಲಿ ಶುರು ಮಾಡೋ ಹೆಣ್ಣುಮಗಳಿಗೆ ಈ ಸೂತ್ರ ಎಲ್ಲಿ ಚುಚ್ಚುತ್ತೆ ಅನ್ನೋದು ಬೆಂಗಳೂರಿನಲ್ಲಿ ಕೂತು ಕಾಣೋದು ಕಷ್ಟ. ಯೋಜನೆ ಗೃಹಬಳಕೆಗೆ ಮಾತ್ರ, ಹಾಗಾಗಿ ಹತ್ತಾರು ಎಕರೆಗೆ ಸಸಿ ಮಾಡಿ ಮಾರೋ ಸಂಘಗಳು ಬೇರೆ ಸಂಪರ್ಕ ತಗೋಬೇಕು. ಆ ಖರ್ಚನ್ನು ಸಸಿಯ ದರದಲ್ಲಿ ಸೇರಿಸದೇ ಇದ್ದರೆ ನಷ್ಟ ಅವರ ಕೂಲಿಯಿಂದ ಹೋಗುತ್ತೆ.

ಕೊಳ್ಳೋದಾದರೆ ಏನು ಕೊಳ್ಳಬೇಕು

ಮೊದಲು ಥರ್ಮಾಮೀಟರ್. ತಂತಿಯ ತುದಿಯಲ್ಲಿ ಸೆನ್ಸರ್ ಇರೋದು, ಅದನ್ನು ನಡುವಿನ ಟ್ರೇಯ ನಾರಿನ ಪುಡಿಯೊಳಗೆ ಚುಚ್ಚಬೇಕು. ಗಾಳಿಯ ಬಿಸಿ ಬೇರೆ, ಬೀಜ ಕೂತ ಜಾಗದ ಬಿಸಿ ಬೇರೆ. ಎರಡು ರಾತ್ರಿ ಬರೀ ಅಳೆಯಿರಿ. ಬೆಳಗ್ಗೆ ಐದಕ್ಕೆ 24ರ ಮೇಲಿದ್ದರೆ ಹೀಟರ್ ಕೊಳ್ಳೋ ದುಡ್ಡು ಉಳೀತು.

ಸಾಲದೇ ಇದ್ದರೆ ಥರ್ಮೋಸ್ಟಾಟ್. ಮೊಟ್ಟೆ ಇನ್‌ಕ್ಯುಬೇಟರ್‌ಗೆ ಹಾಕೋ ಅದೇ ಡಿಜಿಟಲ್ ಕಂಟ್ರೋಲರ್ ನಡೆಯುತ್ತೆ. 30ಕ್ಕೆ ಆಫ್, 27ಕ್ಕೆ ಆನ್ ಇಟ್ಟರೆ ಸಾಕು, ಒಂದು ಡಿಗ್ರಿಯ ಕರಾರುವಾಕ್ಕು ಕಬ್ಬಿಗೆ ಬೇಡ. ಬಿಸಿಗೆ ಬಲ್ಬ್ ಅಂದಾಗ ಹಳೇ ತಂತಿ ಬಲ್ಬ್. 2015ರಿಂದ ಉಜಾಲಾ, ನಮ್ಮಲ್ಲಿ ‘ಹೊಸ ಬೆಳಕು’ ಹೆಸರಲ್ಲಿ ಮನೆಮನೆಗೆ ಬಂದ 9 ವ್ಯಾಟ್ ಎಲ್‌ಇಡಿಯಿಂದ ಬೆಳಕು ಬರುತ್ತೆ, ಬಿಸಿ ಎಷ್ಟು ಬಂದೀತು? ಕೋಳಿ ಫಾರಂನವರು ಮರಿಗಳಿಗೆ ಹಾಕೋ ಬಲ್ಬ್ ವಿಚಾರಿಸಿ. ಒಂದು 100ರ ಬದಲು ಎರಡು 60 ಹಾಕಿದರೆ ಒಂದು ಸುಟ್ಟರೂ ಇನ್ನೊಂದು ಇರುತ್ತೆ. ಬಲ್ಬಿಗೆ ತಂತಿಯ ಬುಟ್ಟಿ ಹಾಕಿ, ಪ್ಲಾಸ್ಟಿಕ್ಕಿಗೂ ಕೌದಿಗೂ ಕನಿಷ್ಠ ಒಂದು ಗೇಣು ದೂರ ಇರಲಿ. ರವದಿ ತುಂಬಿದ ಗೋಣಿ ಬಲ್ಬಿನ ಹತ್ತಿರ ಬೇಡವೇ ಬೇಡ. ಒದ್ದೆ ಟ್ರೇ, ಒದ್ದೆ ಕೈ, ಬರಿಗಾಲು ಇರೋ ಜಾಗ ಇದು. 30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದೆ ಗೂಡಿಗೆ ವೈರ್ ಎಳೀಬೇಡಿ. ಥರ್ಮೋಸ್ಟಾಟ್‌ಗಿಂತ ಇದು ದುಬಾರಿ ಆಗಬಹುದು, ಆದರೂ ಚೌಕಾಸಿ ಮಾಡೋ ಜಾಗ ಇದಲ್ಲ.

ರಬ್ಬರ್ ಚಾಪೆಗೂ ಒಂದು ಜಾಗ ಇದೆ. ಡಿಸೆಂಬರ್ ಕೊನೆಗೆ ಕಲ್ಲಂಗಡಿ, ಮೆಣಸಿನಕಾಯಿ ಸಸಿ ಎಬ್ಬಿಸೋರು ನಾಲ್ಕೈದು ಟ್ರೇ ಮಾತ್ರ ಮಾಡೋದಾದರೆ, ಥರ್ಮೋಸ್ಟಾಟ್ ಜೊತೆಗಿನ ನೀರು ನಿರೋಧಕ ಚಾಪೆ ಕೆಲಸ ಮಾಡುತ್ತೆ. ಮೆಣಸಿನಕಾಯಿಗೆ 25ರಿಂದ 30 ಡಿಗ್ರಿ ಹಿತ, 15ರ ಕೆಳಗೆ ಬೀಜ ಏಳೋದೇ ಕಷ್ಟ. ಈರುಳ್ಳಿಗೆ ಇದ್ಯಾವುದೂ ಬೇಡ. 100 ಟ್ರೇ ಕಬ್ಬಿಗೆ ಚಾಪೆ ಹಾಸೋದು ಮಾತ್ರ ದುಡ್ಡಿನ ದಂಡ, ಯಾಕಂದರೆ ಚಾಪೆ ಕೆಳಗಿನ ಒಂದು ಟ್ರೇಯನ್ನು ಕಾಯಿಸುತ್ತೆ, ಮೇಲಿನ 24 ತಣ್ಣಗೇ ಇರುತ್ತವೆ.

ಸಸಿಯನ್ನು ಹೊರಗಿಂದ ಕೊಂಡರೆ ಇಷ್ಟೆಲ್ಲ ರಗಳೆ ಇಲ್ಲ ಅನ್ನೋರಿದ್ದಾರೆ. ನಿಜ. ಆದರೆ ಸಾಲದ ಮೇಲೆ ಸಸಿ ತಗೊಂಡು ಕಬ್ಬಿನ ಬಿಲ್ಲಿನಲ್ಲಿ ಮುರಿದುಕೊಳ್ಳೋ ಏರ್ಪಾಡಾದರೆ, ತೂಕ, ಇಳುವರಿ, ಬಾಕಿ ಈ ಮೂರರ ಜೊತೆ ನಾಲ್ಕನೇ ಹಗ್ಗವೂ ಕಾರ್ಖಾನೆಯ ಕೈಗೆ ಹೋಗುತ್ತೆ. ಊರಲ್ಲೇ ಹತ್ತು ಹೆಂಗಸರ ಸಂಘ ಸಸಿ ಮಾಡಿದರೆ ಆ ದುಡ್ಡು ಊರಲ್ಲಿ ಉಳಿಯುತ್ತೆ. ಕೊಳೆತ ಸಸಿ ಬಂದರೆ ಯಾರ ಮನೆ ಬಾಗಿಲಿಗೆ ಹೋಗಿ ಕೇಳಬೇಕು ಅನ್ನೋದೂ ಗೊತ್ತಿರುತ್ತೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಸಮುದಾಯ ಭವನದ ಜೊತೆಗೆ ಊರಿಗೊಂದು ಸಸಿ ಕೋಣೆ ಕೇಳೋದು ಅತಿಯಾಸೆ ಅಲ್ಲ: ದಪ್ಪ ಗೋಡೆ, ಒಂದು ಪ್ರತ್ಯೇಕ ಮೀಟರ್, ಆರ್‌ಸಿಸಿಬಿ, ಟ್ರೇ ಇಡೋ ಕಬ್ಬಿಣದ ರ‍್ಯಾಕ್. ಡಿಸೆಂಬರ್‌ನಲ್ಲಿ ಕಬ್ಬಿಗೆ ಬೆಚ್ಚಗಿರೋ ಆ ಕೋಣೆಯ ರ‍್ಯಾಕುಗಳು ಮೇ ತಿಂಗಳಲ್ಲಿ ನೆರಳುಬಲೆಯ ಕೆಳಗೆ ಬಂದು ತೊಗರಿ ಚೀಲ ಹೊರುತ್ತವೆ. ಕಲಬುರಗಿಯ ಆಳಂದ ರಸ್ತೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ತರಬೇತಿಗೆ ದೂರ ಹೋಗಬೇಕಿಲ್ಲ. ಗ್ರಾಮ ಪಂಚಾಯ್ತಿಯ ಕ್ರಿಯಾಯೋಜನೆಗೆ ಹೆಸರು ಸೇರಿಸೋಕೆ ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಬರೆಸಿಕೊಂಡು ಬನ್ನಿ.

ಗೂಡು ಕಟ್ಟಿದೋರು ಐದನೇ ದಿನ ಒಂದು ಮೂಲೆ ಎತ್ತಿ ನೋಡಿ. ಬಿಳಿ ಬೇರು ಮಾತ್ರ ಕಂಡರೆ ಮತ್ತೆ ಮುಚ್ಚಿ, ಎರಡು ದಿನ ಕಾಯಿರಿ. ಸುಳಿ ಮೇಲೆದ್ದಿದ್ದರೆ ಕೌದಿ ತೆಗೆದು, ಟ್ರೇಗಳನ್ನು ನೆರಳಲ್ಲಿ ಪಕ್ಕಪಕ್ಕ ಹಾಸಿ, ಸಂಜೆ ಹೊತ್ತು ನೀರು ಕೊಡಿ.